ದೊರೆಸಾನಿ ಕೆಳಗಿಳಿದ ದಿನ

ಸೊಸೆ ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಗಂಡನ ಯೂನಿಫಾರಂ ಅಂಗಿಗೆ ಕ್ಲಿಪ್ಪು ಸಿಕ್ಕಿಸುವಷ್ಟರಲ್ಲಿ ಬೆನ್ನ ಹಿಂದೆ ಧೊಪ್ಪೆಂದಿತು. ತಿರುಗಿ ನೋಡಿದರೆ ಆಡು ಬಿದ್ದಿತ್ತು. ಮಲಗಿದ್ದಲ್ಲ, ಬಿದ್ದದ್ದು. ಕಾಲು ನಾಲ್ಕು ದಿಕ್ಕಿಗೆ ಚಾಚಿದ್ದವು, ನಾಲಿಗೆಯ ತುದಿ ಹೊರಗಿತ್ತು. ಕಣ್ಣು ತೆರೆದೇ ಇತ್ತು, ಆದರೆ ಆ ಕಣ್ಣು ಏನನ್ನೂ ನೋಡುತ್ತಿರಲಿಲ್ಲ.

"ದೊರೆಸಾನೀ!" ಎಂದು ಕೂಗಿ ಬಕೆಟ್ಟನ್ನು ಅಲ್ಲೇ ಬಿಟ್ಟು ಓಡಿದಳು.

ದೊರೆಸಾನಿ ಅನ್ನುವುದು ಆ ಮುದಿ ಆಡಿನ ಹೆಸರು. ಬಿಳಿ ಮೈ, ಕಂದು ಕಿವಿ, ಯಾರ ಮುಖವನ್ನೂ ನೋಡದೆ ನಡೆಯುವ ಜಂಬ. ಬೇರೆ ಹೆಸರು ಇಟ್ಟಿದ್ದರೂ ಅದಕ್ಕೆ ನಿಲ್ಲುತ್ತಿರಲಿಲ್ಲ. ಅತ್ತೆ ಬದುಕಿದ್ದಾಗ ಅದನ್ನು ಮರಿಯಾಗಿ ತರಕಾರಿ ಚೀಲದಲ್ಲಿ ಹಾಕಿಕೊಂಡು ಮೂರು ಮಹಡಿ ಹತ್ತಿ ಈ ತಾರಸಿ ಮನೆಗೆ ತಂದಿದ್ದರು. ಮನೆಗೆ ಹಾಲಾಗುತ್ತದೆ ಅಂತ ತಂದದ್ದಂತೆ. ಗಂಡಿಲ್ಲದೆ ಮರಿಯಿಲ್ಲ, ಮರಿಯಿಲ್ಲದೆ ಹಾಲಿಲ್ಲ ಅನ್ನುವುದು ಆಕೆಗೆ ಹೊಳೆದದ್ದು ಆಮೇಲೆ. ಹೊಳೆಯುವಷ್ಟರಲ್ಲಿ ಮರಿ ಬೆಳೆದಿತ್ತು, ಮನೆಯವರ ಮನಸ್ಸಿನಲ್ಲಿ ಕೂತಿತ್ತು. ಹೀಗೆ ಒಂದು ಲೋಟ ಹಾಲು ಕೊಡದೆ, ಒಂದು ಸಲ ಬೀದಿಗೆ ಇಳಿಯದೆ, ದೊರೆಸಾನಿ ಆ ತಾರಸಿಯ ತಗಡಿನ ಚಪ್ಪರದಡಿ ಮುದುಕಿಯಾಗಿತ್ತು. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರೆ. ಸೊಪ್ಪು ಅಪರೂಪವಾದ ಆ ತಾರಸಿಯಲ್ಲಿ ಅದು ಪೊರಕೆ, ಸೋಪಿನ ಕಾಗದ, ಒಮ್ಮೆ ಗಂಡನ ಒಂದು ಇಡೀ ಕಾಲುಚೀಲವನ್ನೂ ಮುಟ್ಟಿ ಮುಗಿಸಿತ್ತು.

ಅದು ಬಿದ್ದದ್ದನ್ನು ನೋಡಿ ಸೊಸೆ ಓಡಿದ್ದೇನೋ ನಿಜ. ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಅವಳಿಗೆ ಮೊದಲು ನೆನಪಾದದ್ದು ಆಡಲ್ಲ, ಸೋಮವಾರ. ಬೈಯುವವರು ಬೈಯಬಹುದು. ಬೈಯುವ ಮೊದಲು ಸೋಮವಾರ ಏನು ಅನ್ನುವುದನ್ನು ಕೇಳಬೇಕು.

ಮದುವೆಗೆ ಮುಂಚಿನಿಂದಲೂ ಅವಳು ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಹೊಲಿಗೆ ಕೆಲಸ ಮಾಡಿದವಳು. ಮಡಿಸಿದ ಹಾಳೆಗಳ ಕಂತೆಗಳನ್ನು ಒಂದರ ಮೇಲೊಂದು ಇಟ್ಟು, ಮೇಣ ಹಚ್ಚಿದ ದಾರದಿಂದ ಬೆನ್ನು ಹೊಲಿಯುವ ಕೆಲಸ. ಅವಳು ಹೊಲಿದ ಪುಸ್ತಕ ಹಾಳೆ ಬಿಡುವುದಿಲ್ಲ ಅನ್ನುವ ಹೆಸರಿತ್ತು. ಹೋದ ವರ್ಷ ಮಾವ ಬಚ್ಚಲಲ್ಲಿ ಬಿದ್ದರು. ರಕ್ತದೊತ್ತಡ ಏರಿದೆ, ಮಾತ್ರೆ ತಪ್ಪಿದರೆ ತಲೆಯ ನರ ಒಡೆಯಬಹುದು ಎಂದರು ಡಾಕ್ಟರು. ಗಂಡ ಬಸ್ ಓಡಿಸುವವನು, ಬೆಳಿಗ್ಗೆ ಹೋದರೆ ಕತ್ತಲಾಗುವ ಹೊತ್ತಿಗೆ ಬರುವವನು. ಮನೆಯಲ್ಲಿ ಯಾರು ಇರಬೇಕು ಅನ್ನುವ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಕೇಳದೆಯೇ ಉತ್ತರ ಬಂತು. ಅಂದಿನಿಂದ ಸೊಸೆ ಎರಡು ಕೋಣೆ, ಒಂದು ಅಡುಗೆಮನೆ, ಒಂದು ತಾರಸಿ, ಇಷ್ಟರಲ್ಲೇ ಸುತ್ತುತ್ತಿದ್ದಳು. ತರಕಾರಿಗೆ ಕೆಳಗಿಳಿದರೂ ಚೀಲ ತುಂಬುವ ಮುಂಚೆಯೇ ಮನಸ್ಸು ಮೆಟ್ಟಿಲು ಹತ್ತಿರುತ್ತಿತ್ತು.

ಈಗ ಅಂಗಡಿಯಾಕೆ ಮತ್ತೆ ಕರೆದಿದ್ದಳು. ಗಂಡ ಒಂದು ಶರತ್ತು ಹಾಕಿದ್ದ. ಅಪ್ಪ ಒಂದು ತಿಂಗಳು ತಾವಾಗಿ ಮಾತ್ರೆ ತಗೊಂಡು, ಯಾರ ಆಸರೆಯೂ ಇಲ್ಲದೆ ಓಡಾಡಿಕೊಂಡು ಇರಬಲ್ಲರು ಅಂತಾದರೆ ಹೋಗು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ ಅದು, ಹೆದರಿಕೆಯಿಂದ ಹೇಳಿದ್ದು. ಆ ತಿಂಗಳು ಈ ಶನಿವಾರಕ್ಕೆ ಮುಗಿಯುವುದಿತ್ತು. ಮಾವ ದಿನೇದಿನೇ ಗಟ್ಟಿಯಾಗುತ್ತಿದ್ದರು. ಗೋಡೆ ಹಿಡಿಯುವುದನ್ನು ಬಿಟ್ಟರು, ಕೋಲು ಮೂಲೆ ಸೇರಿತು. ಮಾತ್ರೆ ಡಬ್ಬಿ ಹೊತ್ತಿಗೆ ಸರಿಯಾಗಿ ಖಾಲಿಯಾಗುತ್ತಿತ್ತು. ಇವತ್ತು ಗುರುವಾರ. ಸೋಮವಾರ ಅವಳು ಅಂಗಡಿಯ ಮೇಜಿನ ಮುಂದೆ ಕೂರಬೇಕಿತ್ತು.

ಅಷ್ಟರಲ್ಲಿ ಈ ಆಡು ಬಿತ್ತು. ಅತ್ತೆ ಹೋದಾಗ ಊಟ ಬಿಟ್ಟು ಗೋಡೆ ಕಡೆ ಮುಖ ಮಾಡಿ ಮಲಗಿದ್ದ ಮಾವ ಎದ್ದು ಕೂತದ್ದು ದೊರೆಸಾನಿ ಹಸಿದು ಅರಚಿತು ಅನ್ನುವ ಒಂದೇ ಕಾರಣಕ್ಕೆ. ಅದು ಹೋದರೆ ಮಾವ ಮತ್ತೆ ಮಲಗುತ್ತಾರೆ. ಮಾವ ಮಲಗಿದರೆ ಸೋಮವಾರ ಇಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ.

ಮಾವ ಹೊರಗೆ ಬಂದರು. ಅವರನ್ನು ಕಟ್ಟಡದವರೆಲ್ಲ ಲಿಫ್ಟಜ್ಜ ಅನ್ನುತ್ತಿದ್ದರು. ದೊಡ್ಡ ಆಫೀಸೊಂದರಲ್ಲಿ ಜೀವಮಾನವಿಡೀ ಲಿಫ್ಟು ನಡೆಸಿ, ದೊಡ್ಡವರನ್ನೂ ಚಿಕ್ಕವರನ್ನೂ ಮೇಲೆ ಕೆಳಗೆ ಮಾಡಿ, ಕೊನೆಗೆ ಲಿಫ್ಟೇ ಇಲ್ಲದ ಕಟ್ಟಡದ ತುತ್ತತುದಿಯಲ್ಲಿ ಉಳಿದವರು. ಆಡನ್ನು ನೋಡಿದ್ದೇ ಅವರ ಮುಖದ ರಕ್ತ ಇಳಿದುಹೋಯಿತು. ಪಕ್ಕದಲ್ಲಿ ಕುಸಿದು ಕೂತು ಅದರ ಕಿವಿ ಉಜ್ಜತೊಡಗಿದರು.

"ಏನಾಯ್ತೇ ನಿನಗೆ? ಏಳೇ. ಏಳೇ ನನ್ನವ್ವಾ."

ದೊರೆಸಾನಿ ಒಂದು ಸಲ ಕಿವಿ ಅಲ್ಲಾಡಿಸಿತು. ಒದ್ದಾಡಿ ಎದ್ದು ನಿಂತಿತು, ಮತ್ತೆ ಮುಂಗಾಲು ಮಡಚಿತು. ಮುಂದಿಟ್ಟ ಎಲೆಕೋಸಿನ ಎಸಳನ್ನು ಮೂಸಿಯೂ ನೋಡಲಿಲ್ಲ.

ಸೊಸೆ ಪಶು ಆಸ್ಪತ್ರೆಗೆ ಫೋನು ಮಾಡಿದಳು. ಡಾಕ್ಟರು ಒಬ್ಬರೇ ಇದ್ದಾರೆ, ಬಿಟ್ಟು ಬರೋಕಾಗಲ್ಲ, ನೀವೇ ತಗೊಂಡು ಬನ್ನಿ ಎಂದರು ಅಲ್ಲಿಯವರು. ಹೇಳುವುದು ಸುಲಭ. ಮೆಟ್ಟಿಲ ತುದಿಯ ತನಕ ಹೇಗೋ ನಡೆಸಿಕೊಂಡು ಬಂದಳು. ಅಲ್ಲಿ ದೊರೆಸಾನಿ ಇದ್ದಬದ್ದ ಶಕ್ತಿಯನ್ನೆಲ್ಲ ನಾಲ್ಕು ಗೊರಸಿಗೆ ತಂದು ನಿಂತುಬಿಟ್ಟಿತು. ಸಾಯುತ್ತೇನೆಯೇ ಹೊರತು ಇಳಿಯುವುದಿಲ್ಲ ಅನ್ನುವ ಹಟ. ಕೊನೆಗೆ ಸೊಸೆ ಬೆಡ್‌ಶೀಟಿನಲ್ಲಿ ಅದನ್ನು ಸುತ್ತಿ, ಬೆನ್ನಿಗೆ ಏರಿಸಿಕೊಂಡು, ಎದೆಯ ಮೇಲೆ ಗಂಟು ಬಿಗಿದಳು.

"ನಾನೂ ಬರ್ತೀನಿ," ಎಂದರು ಮಾವ.

"ನಿಮ್ಮನ್ನ ಯಾವ ಬೆನ್ನ ಮೇಲೆ ಹೊರಲಿ ಮಾವ? ಇರೋದು ಒಂದೇ ಬೆನ್ನು."

ಮಾವ ನಗಲಿಲ್ಲ. ಮೆಟ್ಟಿಲ ಕಂಬಿ ಹಿಡಿದು ನಿಂತು, "ಡಾಕ್ಟರು ಏನಾದ್ರೂ ಕೇಳಿದ್ರೆ..." ಎಂದು ಶುರುಮಾಡಿ ನಿಲ್ಲಿಸಿದರು.

"ಏನು ಕೇಳ್ತಾರೆ?"

"ಏನಿಲ್ಲ. ವಯಸ್ಸಾಗಿದೆ ಅಂತ ಹೇಳು."

ಬೀದಿಯಲ್ಲಿ ಜನ ನಿಂತು ನೋಡಿದರು. ಸೈಕಲ್ ರಿಪೇರಿಯವನು ಪಂಪು ಒತ್ತುವುದನ್ನು ಬಿಟ್ಟು, "ಏನಕ್ಕಾ, ಇದ್ರಲ್ಲಿ ಸವಾರಿ ಮಾಡೋರು ಯಾರು, ಕುದುರೆ ಯಾರು?" ಎಂದ. ಬೇರೆ ದಿನವಾಗಿದ್ದರೆ ಅವನಿಗೆ ತಕ್ಕ ಉತ್ತರ ಕೊಡುತ್ತಿದ್ದಳು. ಇವತ್ತು ಕಿವಿಯ ಪಕ್ಕದಲ್ಲೇ ಆಡಿನ ಉಸಿರು ಕೇಳುತ್ತಿತ್ತು. ಒಂದು ಉಸಿರು ಬಂದಮೇಲೆ ಇನ್ನೊಂದು ಬರುತ್ತದೋ ಇಲ್ಲವೋ ಎಂದು ಕಾಯುತ್ತಾ ಅವಳು ನಡೆದಳು.

ಪಶುವೈದ್ಯೆ ಗಂಟಲಲ್ಲಿ ಶೀತ ಕಟ್ಟಿದ್ದ ನಡುವಯಸ್ಸಿನ ಹೆಂಗಸು. ಆಡನ್ನು ಮೇಜಿನ ಮೇಲೆ ಮಲಗಿಸಿ ವಸಡು ನೋಡಿದರು, ಪಕ್ಕೆಗೆ ಸ್ಟೆತಸ್ಕೋಪು ಒತ್ತಿ ಬಹಳ ಹೊತ್ತು ಕೇಳಿದರು. ಮತ್ತೆ ಇನ್ನೊಂದು ಪಕ್ಕದಿಂದ ಕೇಳಿದರು.

"ಎಷ್ಟು ವಯಸ್ಸು?"

"ಹದಿನಾಲ್ಕು ದಾಟಿರಬಹುದು."

"ಆಡಿಗೆ ಅದು ಅಜ್ಜಿ ವಯಸ್ಸಲ್ಲ, ಮುತ್ತಜ್ಜಿ ವಯಸ್ಸು. ಆದ್ರೆ ಇದು ವಯಸ್ಸಿನ ಕಾಯಿಲೆ ಅಲ್ಲಮ್ಮ. ಎದೆಬಡಿತ ಇಷ್ಟು ನಿಧಾನ ಇರಬಾರದು. ಏನಾದ್ರೂ ಔಷಧಿ ಕೊಟ್ಟಿದ್ರಾ?"

"ಇಲ್ಲ."

"ಮನೇಲಿ ಯಾರಾದ್ರೂ ಬಿಪಿ ಮಾತ್ರೆ ತಗೋತಾರಾ?"

"ನಮ್ಮ ಮಾವ. ಆದ್ರೆ ಅವರು ದಿನಾ ತಪ್ಪದೆ..." ಎಂದವಳು ಅಲ್ಲಿಗೇ ನಿಲ್ಲಿಸಿದಳು.

ದಿನಾ ತಪ್ಪದೆ ಏನು ಮಾಡುತ್ತಿದ್ದರು? ಮಾತ್ರೆ ಡಬ್ಬಿ ತಗೊಂಡು, "ಖಾಲಿ ಹೊಟ್ಟೇಲಿ ಬೇಡ, ಒಂದು ಬಾಳೆಹಣ್ಣು ಕೊಡಮ್ಮಾ" ಎಂದು ಕೇಳಿ, ತಾರಸಿಯ ಸ್ಟೂಲಿನ ಮೇಲೆ ಆಡಿನ ಪಕ್ಕ ಕೂರುತ್ತಿದ್ದರು. ಹಣ್ಣು ತಿಂದು ಸಿಪ್ಪೆಯನ್ನು ಮಡಿಸಿ ಮಡಿಸಿ ದೊರೆಸಾನಿಯ ಬಾಯಿಗೆ ಇಡುತ್ತಿದ್ದರು. ಸಿಪ್ಪೆಯನ್ನು ಯಾಕೆ ಮಡಿಸಬೇಕು ಎಂದು ಅವಳಿಗೆ ಒಂದು ದಿನವೂ ಅನ್ನಿಸಿರಲಿಲ್ಲ. ಖಾಲಿಯಾದ ಡಬ್ಬಿ ನೋಡಿ ಅವಳು ಹಿಗ್ಗಿದ್ದಳು, ಗಂಡನಿಗೂ ತೋರಿಸಿದ್ದಳು.

ಪಶುವೈದ್ಯೆ ಅವಳ ಮುಖ ನೋಡಿದರು. ಹೆಚ್ಚು ಕೇಳಲಿಲ್ಲ. ಚುಚ್ಚುಮದ್ದು ಕೊಟ್ಟು, ಕತ್ತಿನ ನರಕ್ಕೆ ಡ್ರಿಪ್ಪು ಹಾಕಿದರು. "ಇನ್ನು ಮಾತ್ರೆ ಹೊಟ್ಟೆಗೆ ಹೋಗದಿದ್ರೆ ಇದು ಬದುಕುತ್ತೆ. ಗಟ್ಟಿ ಪ್ರಾಣಿ," ಎಂದರು. ಮೂಗು ಒರೆಸಿಕೊಂಡು ಮತ್ತೆ ಹೇಳಿದರು. "ಆಡಿನ ಚಿಂತೆ ಬಿಡಿ ನೀವು. ಮಾತ್ರೆ ಇದರ ಹೊಟ್ಟೇಲಿದೆ ಅಂದ್ರೆ ಇರಬೇಕಾದ ಕಡೆ ಇಲ್ಲ ಅಂತ ತಾನೆ? ಅವರನ್ನ ನೋಡ್ಕೊಳ್ಳಿ."

ಡ್ರಿಪ್ಪು ಮುಗಿಯಲು ಹೊತ್ತಿತ್ತು. ಅಲ್ಲಿ ಕೂರಲು ಅವಳಿಂದಾಗಲಿಲ್ಲ. ಮನೆಗೆ ಹೋಗಬೇಕಿತ್ತು, ಹೋಗಿ ಮಾವನನ್ನು ನೋಡಬೇಕಿತ್ತು. ಕಾಲು ಇನ್ನೊಂದು ದಿಕ್ಕಿಗೆ ತಿರುಗಿತು. ಎರಡು ಬೀದಿ ಆಚೆ ರಟ್ಟಿನ ಅಂಗಡಿ.

ಅಂಗಡಿಯೊಳಗೆ ಗೋಂದಿನ ಹುಳಿವಾಸನೆ, ಕಾಗದದ ಧೂಳು, ಒತ್ತುಯಂತ್ರದ ಕಿರುಗುಟ್ಟುವ ಸದ್ದು. ಕಿಟಕಿ ಪಕ್ಕದ ಹೊಲಿಗೆ ಮೇಜು ಖಾಲಿ ಇತ್ತು. ಅವಳು ಯಾರನ್ನೂ ಕೇಳದೆ ಅಲ್ಲಿ ಕೂತಳು. ಅರ್ಧ ಹೊಲಿದ ಪುಸ್ತಕವೊಂದು ಚೌಕಟ್ಟಿನಲ್ಲಿತ್ತು. ಯಾರೋ ದಾರವನ್ನು ಸಡಿಲ ಬಿಟ್ಟಿದ್ದರು. ಬಿಚ್ಚಿ ಬಿಗಿದಳು, ಮುಂದಿನ ಕಂತೆಗೆ ಸೂಜಿ ಹಾಕಿದಳು, ಮತ್ತೊಂದಕ್ಕೆ ಹಾಕಿದಳು. ಒಂದು ವರ್ಷ ಮುಟ್ಟದಿದ್ದರೂ ಬೆರಳಿಗೆ ಎಲ್ಲ ನೆನಪಿತ್ತು. ಹೀಗೆ ಒಂದು ಕೆಲಸವನ್ನು ಶುರುವಿನಿಂದ ಕೊನೆಯವರೆಗೆ, ನಡುವೆ ಯಾರ ಕೆಮ್ಮಿಗೂ ಎದ್ದು ಓಡದೆ ಮಾಡಿ ಎಷ್ಟು ಕಾಲವಾಯಿತು! ಅವಳು ದಾರಕ್ಕೆ ಇನ್ನೊಮ್ಮೆ ಮೇಣ ಉಜ್ಜಿದಳು.

ಅಂಗಡಿಯಾಕೆ ಕನ್ನಡಕ ಹಣೆಗೇರಿಸಿ ಬಂದು ನಿಂತಳು. "ಬೆನ್ನ ಮೇಲೆಲ್ಲ ಏನೇ ಅದು, ಕೂದಲು?"

"ಆಡಿಂದು ಅಕ್ಕಾ. ಅದೊಂದು ದೊಡ್ಡ ಕತೆ."

"ಕತೆ ಸೋಮವಾರ ಹೇಳು. ಬರ್ತೀಯ ತಾನೆ? ನೋಡು, ನಿನ್ನ ಜಾಗಕ್ಕೆ ಇನ್ನೊಬ್ಬಳು ಕೇಳ್ತಿದ್ದಾಳೆ. ಕೈ ನಿನ್ನಷ್ಟಿಲ್ಲ, ಆದ್ರೆ ಬರ್ತೀನಿ ಅಂದ್ರೆ ಬರೋಳು. ನನಗೂ ಕೆಲಸ ನಿಲ್ಲಬಾರದಲ್ಲ."

"ಬರ್ತೀನಿ ಅಕ್ಕಾ," ಎಂದಳು. ಬಾಯಿಂದ ಅದು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಆಶ್ಚರ್ಯವಾಯಿತು.

ಹಿಂದಿರುಗುವ ಹೊತ್ತಿಗೆ ದೊರೆಸಾನಿ ನಿಂತಿತ್ತು, ಆಸ್ಪತ್ರೆಯ ಗೋಡೆಯ ಮೇಲಿನ ಕ್ಯಾಲೆಂಡರಿನ ಮೂಲೆಯನ್ನು ಆಗಲೇ ರುಚಿ ನೋಡಿತ್ತು. ಬೀದಿಯಲ್ಲಿ ಅದನ್ನು ಮತ್ತೆ ಹೊತ್ತೇ ತಂದಳು. ಕಟ್ಟಡದ ಬಾಗಿಲಲ್ಲಿ ಕೆಳಗಿಳಿಸಿದರೆ, ಇಳಿಯಲು ಅಷ್ಟು ರಂಪ ಮಾಡಿದ್ದ ಪ್ರಾಣಿ ಈಗ ಮೆಟ್ಟಿಲನ್ನು ತಾನೇ ಹತ್ತತೊಡಗಿತು. ಪ್ರತಿ ತಿರುವಿನಲ್ಲೂ ನಿಂತು ಉಸಿರು ತಗೊಂಡಿತೇ ಹೊರತು ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ. ಅವಳಿಗೆ ಅದರ ಮೇಲೆ ವಿನಾಕಾರಣ ಸಿಟ್ಟು ಬಂತು. "ಇಷ್ಟು ವರ್ಷಕ್ಕೆ ಒಂದು ಸಲ ಬೀದಿ ನೋಡಿದ್ದೀಯ. ಮತ್ತೆ ಅಲ್ಲಿಗೇ ಓಡ್ತೀಯಲ್ಲೇ ಮುದುಕೀ," ಎಂದು ಬೈದು, ತಾನೂ ಅದರ ಹಿಂದೆ ಹತ್ತಿದಳು.

ಮಾವ ಬಾಗಿಲಲ್ಲೇ ಇದ್ದರು. ಆಡನ್ನು ತಬ್ಬಿ, ಅದರ ನೆತ್ತಿಗೆ ಕೆನ್ನೆ ಒತ್ತಿ ಕೂತುಬಿಟ್ಟರು. ಸೊಸೆ ನೀರು ಕುಡಿದು, ಮುಖ ತೊಳೆದು, ಬಂದು ಎದುರಿಗೆ ನಿಂತಳು.

"ಮಾವ, ಸಿಪ್ಪೆಯೊಳಗೆ ಮಾತ್ರೆ ಇಟ್ಟು ಎಷ್ಟು ದಿನದಿಂದ ಕೊಡ್ತಿದ್ದೀರಿ?"

ಮಾವ ತಲೆ ಎತ್ತಲಿಲ್ಲ. ಲಿಫ್ಟು ನಡುವೆ ನಿಂತು ಜನ ಕಿರುಚಿಕೊಂಡಾಗಲೆಲ್ಲ 'ಹೆದರಬೇಡಿ, ಈಗ ಹೊರಡುತ್ತೆ' ಎಂದು ಹೇಳಿ ಹೇಳಿ ಹಣ್ಣಾದ ಮನುಷ್ಯ, ತಾನೇ ಸಿಕ್ಕಿಕೊಂಡಾಗ ಒಂದು ಮಾತೂ ಹೊರಡದೆ ಕೂತರು.

"ಮಾವ."

"ತಿಂಗಳಿಂದ," ಎಂದರು.

"ಯಾಕೆ?"

"ಆ ಮಾತ್ರೆ ನುಂಗಿದ್ರೆ ತಲೆ ಗಿರ್ ಅನ್ನುತ್ತೆ ಕಣಮ್ಮಾ. ಗೋಡೆ ಹಿಡಿದೇ ಹೋಗ್ಬೇಕು. ಡಾಕ್ಟರು ಎರಡು ಸಲ ಬದಲಾಯಿಸಿ ಕೊಟ್ರಲ್ಲ, ಎಲ್ಲಾ ಒಂದೇ. ಗೋಡೆ ಹಿಡಿದು ಓಡಾಡೋ ಮುದುಕನ್ನ ಒಂಟಿಯಾಗಿ ಬಿಟ್ಟು ನಿನ್ನನ್ನ ಅವನು ಕೆಲಸಕ್ಕೆ ಕಳಿಸ್ತಾನಾ? ಈ ಒಂದು ತಿಂಗಳು ನೆಟ್ಟಗೆ ನಡೆದು ತೋರಿಸ್ಬೇಕಿತ್ತು. ತೋರಿಸ್ದೆ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮಾತ್ರೆಯ ಕಹಿಗೆ, ಮುದುಕರ ಹಟಕ್ಕೆ, ಮರೆವಿಗೆ ಮಾಡಿದ್ದು ಅಂದುಕೊಂಡು ಬೈಗುಳ ಸಿದ್ಧ ಮಾಡಿಕೊಂಡು ಬಂದಿದ್ದಳು. ಅದರಲ್ಲಿ ಒಂದೂ ಈಗ ಕೆಲಸಕ್ಕೆ ಬರಲಿಲ್ಲ.

"ನನಗೋಸ್ಕರ ಮಾಡಿದ್ರಾ?"

"ಕಿಟಕಿ ಹತ್ರ ನಿಂತು ನೀನು ಕೆಳಗೆ ನೋಡೋದನ್ನ ನಾನು ನೋಡ್ತೀನಲ್ಲಮ್ಮಾ," ಎಂದರು ಮಾವ. "ಎಲ್ಲಾ ಅಂತಸ್ತಿನ ಬಟನ್ ಒತ್ತಿದ್ರೂ ಬಾಗಿಲು ತೆಗೀದೇ ಇದ್ರೆ ಜನ ಹಾಗೇ ನಿಲ್ತಾರೆ. ನನಗೆ ಗೊತ್ತು ಆ ಮುಖ."

"ಎಸೀಬಹುದಿತ್ತಲ್ಲ! ಪಾಪದ ಪ್ರಾಣಿಗೆ ಯಾಕೆ ತಿನ್ನಿಸಿದ್ರಿ?"

"ಎಲ್ಲಿ ಎಸೀಲಿ? ಕಸದ ಬುಟ್ಟೀನೂ ನೋಡ್ತೀಯ, ಬಚ್ಚಲ ಜಾಲರೀನೂ ನೋಡ್ತೀಯ. ನಿನ್ನ ಕಣ್ಣು ತಪ್ಪಿಸೋಕೆ ಆ ದೇವರಿಂದಲೂ ಆಗಲ್ಲ. ಅದೂ ನನ್ನ ಹಾಗೇ ಏದುಸಿರು ಬಿಡ್ತಿತ್ತು. ಮನುಷ್ಯರಿಗೆ ಒಳ್ಳೇದಾದ್ರೆ ಅದಕ್ಕೂ ಒಳ್ಳೇದೇ ಆಗುತ್ತೆ ಅಂದ್ಕೊಂಡೆ. ಕೈಯಾರೆ ಕೊಲ್ಲೋಕೆ ಹೋಗಿದ್ನಲ್ಲಮ್ಮಾ." ಅವರ ಕಣ್ಣಿನ ನೀರು ಆಡಿನ ಕಂದು ಕಿವಿಯ ಮೇಲೆ ಬಿತ್ತು. ದೊರೆಸಾನಿ ಕಿವಿ ಕೊಡವಿ ಅವರ ಅಂಗಿಯ ಗುಂಡಿಯನ್ನು ಚೀಪತೊಡಗಿತು.

ಸೊಸೆ ಅಲ್ಲೇ ನೆಲದ ಮೇಲೆ ಕೂತಳು. ಆ ಮನೆಗೆ ಬಂದ ಮೇಲೆ ಅವಳಿಗಾಗಿ ಯಾರೂ ಇಷ್ಟು ದೊಡ್ಡ ಕೆಲಸ ಮಾಡಿರಲಿಲ್ಲ. ಮಾಡಿದವರು ಮಾವ, ಮಾಡಿದ್ದು ಹೀಗೆ. ಮಾತ್ರೆ ತಗೊಂಡರೆ ಮಾವ ಬೀಳುತ್ತಾರೆ, ಬಿಟ್ಟರೆ ತಲೆಯ ನರ ಒಡೆಯುತ್ತದೆ. ಅತ್ತ ದರಿ, ಇತ್ತ ಪುಲಿ. ಎರಡರಲ್ಲಿ ಯಾವುದಾದರೂ ಪಕ್ಕದಲ್ಲಿ ಒಬ್ಬರು ಇರಲೇಬೇಕು. ಆ ಒಬ್ಬರು ಯಾರು ಅನ್ನುವ ಪ್ರಶ್ನೆಯನ್ನು ಈ ಸಲವೂ ಯಾರೂ ಕೇಳುವುದಿಲ್ಲ ಅನ್ನುವುದು ಅವಳಿಗೆ ಗೊತ್ತಿತ್ತು. ಅವಳಿಗೆ ಮಾವನ ಮೇಲೆ ಕರುಣೆ ಬಂತು, ಅದರ ಬೆನ್ನಿಗೇ ಸಿಟ್ಟು ಬಂತು. ಇಷ್ಟು ಪ್ರೀತಿ ಮಾಡದೆ ಸುಮ್ಮನೆ ಬೈದುಕೊಂಡು ಇದ್ದಿದ್ದರೆ ಬಿಟ್ಟು ಹೋಗುವುದು ಸುಲಭವಾಗುತ್ತಿತ್ತಲ್ಲ ಅನ್ನಿಸಿತು.

ಎದ್ದು ಹೋಗಿ ಡಬ್ಬಿಯಿಂದ ಮಾತ್ರೆ ತಂದಳು. "ನನ್ನ ಕಣ್ಣೆದುರಿಗೆ ನುಂಗಿ."

ಮಾವ ನುಂಗಿದರು.

"ಬಾಯಿ ತೆಗೀರಿ. ನಾಲಿಗೆ ಎತ್ತಿ."

ಎತ್ತಿದರು. ಆಮೇಲೆ ಅವಳ ಕೈ ಹಿಡಿದುಕೊಂಡು, ಪಕ್ಕದಲ್ಲಿ ಯಾರೋ ಇದ್ದಾರೇನೋ ಅನ್ನುವಂತೆ ದನಿ ತಗ್ಗಿಸಿದರು. "ಅವನಿಗೆ ಹೇಳ್ಬೇಡ. ನಾಲ್ಕೇ ದಿನ, ಬಾಯಿಗೆ ಬೀಗ ಹಾಕ್ಕೊಂಡಿರು. ಸೋಮವಾರ ನೀನು ಒಂದು ಸಲ ಹೋಗಿ ಕೂತುಬಿಟ್ರೆ ಆಮೇಲೆ ಏನಾದ್ರೂ ದಾರಿ ಮಾಡೋಣ. ನಾನು ಮಂಚ ಬಿಟ್ಟು ಏಳಲ್ಲ. ಕೂತಲ್ಲೇ ಕೂತಿರ್ತೀನಿ. ನನ್ನಾಣೆ."

ಅವಳು ಹೂಂ ಅನ್ನಲಿಲ್ಲ. ಉಹೂಂ ಅಂತಲೂ ಅನ್ನಲಿಲ್ಲ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಒಣಗಿದ ಬಟ್ಟೆ ತಂದು ರಾಶಿ ಹಾಕಿ ಮಡಿಸತೊಡಗಿದಳು. ಮಡಿಸುವಾಗ ಕೈ ತಾನಾಗಿ ಅಂಚಿಗೆ ಅಂಚು ಕೂಡಿಸಿ ಉಗುರಿನಿಂದ ಗೆರೆ ಎಳೆಯುತ್ತಿತ್ತು, ಬಟ್ಟೆಯೂ ಕಾಗದವೇ ಅನ್ನುವ ಹಾಗೆ. ನಾಲ್ಕು ದಿನ ತಾನೆ, ಎಂದುಕೊಂಡಳು. ವರ್ಷವಿಡೀ ಕಾದವಳಿಗೆ ನಾಲ್ಕು ದಿನದ ಸುಳ್ಳು ದೊಡ್ಡದೇನಲ್ಲ. ಹಾಗೆಂದುಕೊಂಡ ಮೇಲೆ ಉಸಿರು ಸ್ವಲ್ಪ ಹಗುರಾಯಿತು.

ಗಂಡ ಅವತ್ತು ಬೆಳಕಿರುವಾಗಲೇ ಬಂದ. ಸೈಕಲ್ ರಿಪೇರಿಯವನು ಸುದ್ದಿ ಮುಟ್ಟಿಸಿದ್ದ. "ಏನಾಯ್ತು ದೊರೆಸಾನಿಗೆ?" ಎಂದು ಬೂಟು ಬಿಚ್ಚುತ್ತಲೇ ಕೇಳಿದ.

ಮಾವ ಮಂಚದ ಮೇಲಿಂದ ಅವಳನ್ನೇ ನೋಡುತ್ತಿದ್ದರು.

"ವಯಸ್ಸಾಗಿದೆ ಅಂದ್ರು," ಎಂದಳು ಸೊಸೆ.

"ನಾನು ಹೆದರಿದ್ದು ಅದಕ್ಕಲ್ಲ, ಅಪ್ಪ ಏನಾಗ್ತಾರೋ ಅಂತ." ಅವನು ಅಪ್ಪನ ಕಡೆ ತಿರುಗಿದ. "ಚೆನ್ನಾಗಿದ್ದೀಯಾ ಅಪ್ಪಾ?"

"ನನಗೇನಾಗಿದೆ? ಕಲ್ಲಿನ ಹಾಗಿದ್ದೀನಿ," ಎಂದು ಮಾವ ಎದ್ದೇಬಿಟ್ಟರು. ಏಳಬಾರದಿತ್ತು. ಮಾತ್ರೆ ನುಂಗಿ ಎರಡು ಮೂರು ಗಂಟೆಯಾಗಿತ್ತಷ್ಟೆ. "ಬಾ, ನೋಡು ಬಾ. ಹೇಗೆ ಮೇಯ್ತಿದೆ ತೋರಿಸ್ತೀನಿ."

ಬೆನ್ನು ನೆಟ್ಟಗೆ ಮಾಡಿಕೊಂಡು, ಆಫೀಸಿನ ದೊಡ್ಡವರು ಲಿಫ್ಟಿಗೆ ಬಂದಾಗ ನಿಲ್ಲುತ್ತಿದ್ದ ಹಾಗೆ ಗಲ್ಲ ಎತ್ತಿಕೊಂಡು, ಅವರು ಕೋಣೆಯ ನಡುವೆ ನಡೆದರು. ಎರಡೂ ಕೈ ಬೀಸಿ ನಡೆದರು. ಗಂಡ ನೋಡಿ ನಕ್ಕ. ಆ ನಗೆಯಲ್ಲಿ ವರ್ಷದ ಹೆದರಿಕೆ ಇಳಿದುಹೋದ ಸುಖವಿತ್ತು.

"ಅಪ್ಪ ಎಷ್ಟು ಗಟ್ಟಿಯಾಗಿದ್ದಾರೆ ನೋಡು," ಎಂದ ಹೆಂಡತಿಗೆ. "ನಾನೇ ಸುಮ್ನೆ ಹೆದರ್ತಿದ್ದೆ. ಶನಿವಾರದ ತನಕ ಯಾಕೆ ಕಾಯೋದು? ಅಂಗಡಿಯಾಕೆಗೆ ಫೋನ್ ಮಾಡಿಬಿಡು. ಸೋಮವಾರ ಹೋಗು ನೀನು."

ಈ ಮಾತಿಗಾಗಿ ಅವಳು ಕಾದ ಕಾಯುವಿಕೆ ಅಷ್ಟಿಷ್ಟಲ್ಲ. ಕೇಳಿದಾಗ ಹೇಗನ್ನಿಸುತ್ತದೆ, ಏನು ಹೇಳಬೇಕು, ಎಲ್ಲ ಯೋಚಿಸಿಟ್ಟಿದ್ದಳು. ಈಗ ಅವಳ ಕಣ್ಣು ಗಂಡನ ಮೇಲಿರಲಿಲ್ಲ. ಮಾವ ತಾರಸಿ ಬಾಗಿಲ ಹತ್ತಿರ ನಿಂತಿದ್ದರು. ಅವರ ಬಲಗೈ ಗೋಡೆಯಿಂದ ಒಂದು ಗೇಣು ದೂರದಲ್ಲಿ ಗಾಳಿಯನ್ನು ತಡಕುತ್ತಿತ್ತು. ಮಗ ನೋಡುತ್ತಿದ್ದಾನೆ ಅಂತ ಗೋಡೆ ಮುಟ್ಟುತ್ತಿರಲಿಲ್ಲ. ಹಣೆಯಲ್ಲಿ ಬೆವರು ಹನಿಯೊಡೆದಿತ್ತು. ಮುಖದಲ್ಲಿ ನಗು ಹಾಗೇ ಇತ್ತು. ಮುಂದೆ ಹೊಸ್ತಿಲು, ಹೊಸ್ತಿಲಾಚೆ ಮೂರು ಮೆಟ್ಟಿಲು, ಆಮೇಲೆ ಕಲ್ಲುಹಾಸಿನ ತಾರಸಿ.

ಮಾವ ಹೊಸ್ತಿಲು ದಾಟಲು ಕಾಲೆತ್ತಿದರು.

ಅವಳು ಮಡಿಸಿದ ಬಟ್ಟೆಯ ರಾಶಿಯನ್ನು ತೊಡೆಯಿಂದ ತಳ್ಳಿ ಎದ್ದು, ಎರಡು ಹೆಜ್ಜೆಯಲ್ಲಿ ಹೋಗಿ, ಮಾವನ ತೋಳನ್ನು ಮೊಣಕೈಯ ಮೇಲೆ ಬಿಗಿಯಾಗಿ ಹಿಡಿದಳು.

"ಬಿಡಮ್ಮಾ," ಎಂದರು ಮಾವ, ತುಟಿ ಅಲ್ಲಾಡಿಸದೆ. "ನೋಡ್ತಿದ್ದಾನೆ. ಬಿಡು."

"ನೋಡ್ಲಿ."

"ನಾನು ಬೀಳಲ್ಲ."

"ಬೀಳ್ತೀರಿ ಮಾವ."

ಅವಳು ಬಿಡಲಿಲ್ಲ. ಹಿಡಿದ ಕೈಗೆ ಮಾವನ ಇಡೀ ಭಾರ ನಿಧಾನವಾಗಿ ಬಂತು, ನಿಂತ ಮೈ ಒಳಗಿಂದ ಸಡಿಲಾಗಿ ಅವಳ ಮೇಲೆ ವಾಲಿತು. ಗಂಡ ಅದನ್ನು ನೋಡಿದ. ಅವನ ಮುಖದ ನಗು ಹೋಯಿತು. ಸೋಮವಾರದ ಮಾತನ್ನು ಅವನು ಮತ್ತೆ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ತಾರಸಿಯಲ್ಲಿ ಹಸಿದ ಆಡು ಒಂದೇ ಸಮನೆ ಕೂಗುತ್ತಿತ್ತು.

ಮಾವ ಅವಳ ಭುಜಕ್ಕೆ ಹಣೆ ಆನಿಸಿ, ಚಿಕ್ಕ ಮಗುವಿನ ಹಾಗೆ ಅಳತೊಡಗಿದರು.

"ನಾಲ್ಕೇ ದಿನ ಇತ್ತಲ್ಲಮ್ಮಾ," ಎಂದರು. "ನಾಲ್ಕೇ ದಿನ."